ಕೂಡುವ ಬೋನಸ್ಸೋ, ಗುಣಿಸುವ ಬೋನಸ್ಸೋ: ಆಟದಲ್ಲಿ ಯಾವುದನ್ನು ಆರಿಸಬೇಕು?

ಗೆನ್‌ಶಿನ್ ಇಂಪ್ಯಾಕ್ಟ್ ಎಂಬ ವಿಡಿಯೊ ಗೇಮ್‌ನಲ್ಲಿ 20ನೇ ಲೆವೆಲ್‌ಗೆ ಏರಿಸಿದ ಎರಡು ಫೈವ್-ಸ್ಟಾರ್ ಗಾಬ್ಲೆಟ್‌ಗಳು (ಪಾತ್ರಕ್ಕೆ ತೊಡಿಸುವ ಆರ್ಟಿಫ್ಯಾಕ್ಟ್‌ಗಳಲ್ಲಿ ಒಂದು ಬಗೆ) ಇವೆ ಎಂದಿಟ್ಟುಕೊಳ್ಳಿ. ಒಂದರ ಮೇಲೆ ಅಟ್ಯಾಕ್ ಶೇ. 46.6 ಎಂದಿದೆ, ಇನ್ನೊಂದರ ಮೇಲೆ ಪೈರೋ ಡ್ಯಾಮೇಜ್ ಬೋನಸ್ ಶೇ. 46.6. ಬೆಂಕಿಯ ಪಾತ್ರಕ್ಕೆ ಯಾವುದನ್ನು ತೊಡಿಸಬೇಕು? ಬರೆದಿರುವ ಅಂಕಿ ಒಂದೇ. ಆದರೂ ಮೊದಲನೆಯದು ಹೊಡೆತವನ್ನು ಶೇ. 23ರಷ್ಟು ಮಾತ್ರ ಏರಿಸಬಹುದು, ಎರಡನೆಯದು ಪೂರಾ ಶೇ. 46.6 ಏರಿಸಬಹುದು. ತಂಡದಲ್ಲಿ ಬೇರೆ ಯಾರಿದ್ದಾರೆ ಎಂಬುದರ ಮೇಲೆ ಇವೇ ಅಂಕಿಗಳು ಮತ್ತೆ ಬದಲಾಗುತ್ತವೆ. ಹಾಗಾಗಿ ಎರಡು ವಸ್ತುಗಳನ್ನು ಹೋಲಿಸುವಾಗ ಮೇಲೆ ಬರೆದ ಅಂಕಿ ನೋಡಿದರೆ ಸಾಲದು. ಅದು ಹೋಗಿ ಸೇರುವ ಜಾಗದಲ್ಲಿ ಈಗಾಗಲೇ ಎಷ್ಟಿದೆ ಎಂದೂ ನೋಡಬೇಕು.

ಆ ಜಾಗಕ್ಕೆ ಆಟಗಾರರು ‘ಬಕೆಟ್’ ಎನ್ನುತ್ತಾರೆ (ಆಫೀಸಿನಲ್ಲಿ ಹಿಡಿಯುವ ಬಕೆಟ್ ಅಲ್ಲ). ಒಂದೇ ಬಕೆಟ್‌ಗೆ ಬಿದ್ದ ಬೋನಸ್‌ಗಳು ಪರಸ್ಪರ ಕೂಡುತ್ತವೆ. ಬೇರೆ ಬೇರೆ ಬಕೆಟ್‌ಗಳ ಮೊತ್ತಗಳು ಒಂದನ್ನೊಂದು ಗುಣಿಸುತ್ತವೆ. ಲೆಕ್ಕ ಇಷ್ಟೇ:

ನಿಜವಾದ ಲಾಭ = ಹೊಸ ಬೋನಸ್ ÷ (1 + ಆ ಬಕೆಟ್‌ನಲ್ಲಿ ಈಗಾಗಲೇ ಇರುವ ಬೋನಸ್)

ಖಾಲಿ ಬಕೆಟ್‌ಗೆ ಶೇ. 50 ಹಾಕಿದರೆ ಲಾಭ ಶೇ. 50. ಅದೇ ಬಕೆಟ್‌ನಲ್ಲಿ ಆಗಲೇ ಶೇ. 400 ಇದ್ದರೆ 0.5 ÷ 5, ಅಂದರೆ ಶೇ. 10 ಮಾತ್ರ. ತುಂಬಿದ ಹಂಡೆಗೆ ಇನ್ನೊಂದು ಚೊಂಬು ನೀರು ಸುರಿದಂತೆ.

ಪದಗಳನ್ನು ಓದುವುದು: ‘ಇನ್‌ಕ್ರೀಸ್ಡ್’ ಮತ್ತು ‘ಮೋರ್’

ಈ ಭೇದವನ್ನು ಅತ್ಯಂತ ಪ್ರಾಮಾಣಿಕವಾಗಿ ಬರೆದು ತೋರಿಸುವ ಆಟ ಪಾತ್ ಆಫ್ ಎಕ್ಸೈಲ್. ಅಲ್ಲಿ ‘ಇನ್‌ಕ್ರೀಸ್ಡ್’ ಎಂದಿರುವುದೆಲ್ಲ ಒಂದೇ ಬಕೆಟ್‌ನಲ್ಲಿ ಕೂಡುತ್ತದೆ, ‘ರೆಡ್ಯೂಸ್ಡ್’ ಎಂದಿರುವುದು ಅದೇ ಮೊತ್ತದಿಂದ ಕಳೆಯುತ್ತದೆ. ‘ಮೋರ್’ ಮತ್ತು ‘ಲೆಸ್’ ಹಾಗಲ್ಲ, ಪ್ರತಿಯೊಂದೂ ತಾನೇ ಒಂದು ಪ್ರತ್ಯೇಕ ಗುಣಕ. ಶೇ. 30 ಇನ್‌ಕ್ರೀಸ್ಡ್ ಜೊತೆ ಶೇ. 30 ರೆಡ್ಯೂಸ್ಡ್ ಬಂದರೆ ಸೊನ್ನೆ. ಶೇ. 30 ಮೋರ್ ಜೊತೆ ಶೇ. 30 ಲೆಸ್ ಬಂದರೆ 1.3 × 0.7 = 0.91, ಅಂದರೆ ಶೇ. 9 ನಷ್ಟ. ಎರಡು ಶೇ. 30 ಮೋರ್ ಸೇರಿದರೆ ಶೇ. 60 ಅಲ್ಲ, ಶೇ. 69.

ಪಾತ್ರ ಬೆಳೆದಂತೆ ಕಾಯಂ ಬೋನಸ್ ಆರಿಸಿಕೊಳ್ಳುವ ಪ್ಯಾಸಿವ್ ಮರದ ಗಂಟುಗಳಲ್ಲಿ ಸಿಗುವುದು ಹೆಚ್ಚಾಗಿ ಇನ್‌ಕ್ರೀಸ್ಡ್; ಕೌಶಲಕ್ಕೆ ಜೋಡಿಸುವ ಸಪೋರ್ಟ್ ರತ್ನಗಳು ಮೋರ್ ತರುತ್ತವೆ. ಮಧ್ಯಮ ಹಂತದ ಪಾತ್ರಕ್ಕೆ ಶೇ. 400 ಇನ್‌ಕ್ರೀಸ್ಡ್ ಆಗಿಬಿಟ್ಟಿದ್ದರೆ, ಇನ್ನೂ ಶೇ. 100 ಇನ್‌ಕ್ರೀಸ್ಡ್ ಕೊಡುವ ವಸ್ತು ಹೊಡೆತವನ್ನು 5ರಿಂದ 6ಕ್ಕೆ ಏರಿಸುತ್ತದೆ, ಶೇ. 20 ಲಾಭ. ಪಕ್ಕದಲ್ಲಿರುವ ಶೇ. 25 ಮೋರ್ ನೋಡಲು ಬಡಪಾಯಿ, ಆದರೂ ಅದೇ ಗೆಲ್ಲುತ್ತದೆ. ಆಟದ ಆರಂಭದಲ್ಲಿ ಇದು ತಲೆಕೆಳಗು. ಇನ್‌ಕ್ರೀಸ್ಡ್ ಏನೂ ಇಲ್ಲದಾಗ ಶೇ. 100 ಇನ್‌ಕ್ರೀಸ್ಡ್ ಹೊಡೆತವನ್ನು ಇಮ್ಮಡಿ ಮಾಡುತ್ತದೆ. ‘ಯಾವಾಗಲೂ ಮೋರ್ ತಗೋ’ ಎಂಬ ಸಲಹೆ ಅರ್ಧ ಸತ್ಯ ಮಾತ್ರ.

ಇದೇ ಆಟದಲ್ಲಿ ಇನ್ನೊಂದು ಎಡವುವ ಕಲ್ಲಿದೆ: ಕ್ರಿಟಿಕಲ್ ಚಾನ್ಸ್, ಅಂದರೆ ಹೊಡೆತ ಮಾಮೂಲಿಗಿಂತ ಬಲವಾಗಿ ಬೀಳುವ ಸಾಧ್ಯತೆ. ‘ಕ್ರಿಟಿಕಲ್ ಚಾನ್ಸ್ ಶೇ. 10 ಇನ್‌ಕ್ರೀಸ್ಡ್’ ಎಂದರೆ ಮೂಲ ಶೇ. 5 ಇದ್ದದ್ದು ಶೇ. 5.5 ಆಗುತ್ತದೆ, ಶೇ. 15 ಅಲ್ಲ. ಮುಂದೆ ‘+’ ಚಿಹ್ನೆ ಇಟ್ಟು ‘ಕ್ರಿಟಿಕಲ್ ಚಾನ್ಸ್‌ಗೆ +ಶೇ. 1’ ಎಂದಿದ್ದರೆ ಅದು ಮೂಲಕ್ಕೇ ಸೇರಿ ಶೇ. 6 ಆಗುತ್ತದೆ. ನೋಡಲು ಹತ್ತನೇ ಒಂದು ಪಾಲಿನ ಅಂಕಿ, ಕೆಲಸ ಎರಡು ಪಟ್ಟು.

ಡಯಾಬ್ಲೊ 4ರಲ್ಲಿ ಗುಣಿಸುವ ಬೋನಸ್‌ನ ಪಕ್ಕದಲ್ಲಿ ಚೌಕ ಆವರಣದೊಳಗೆ ಗುಣಾಕಾರದ ಚಿಹ್ನೆ ಇರುತ್ತದೆ, ಕೂಡುವುದರ ಪಕ್ಕದಲ್ಲಿ ಸಂಕಲನದ ಚಿಹ್ನೆ. ವಿವರಣೆಯಲ್ಲಿ ಆ ಚಿಹ್ನೆ ಕಾಣದಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಸುಧಾರಿತ ಟೂಲ್‌ಟಿಪ್ ಆನ್ ಮಾಡಿ; ಅದಿಲ್ಲದೆ ಈ ಆಟದಲ್ಲಿ ವಸ್ತು ಆರಿಸುವುದು ಕತ್ತಲಲ್ಲಿ ಕೈಯಾಡಿಸಿದಂತೆ.

ಗಾಬ್ಲೆಟ್ ಪ್ರಶ್ನೆಗೆ ಉತ್ತರ

ಗೆನ್‌ಶಿನ್‌ನಲ್ಲಿ ಅಟ್ಯಾಕ್ ಲೆಕ್ಕ ಹೀಗೆ: (ಪಾತ್ರದ ಮೂಲ ಅಟ್ಯಾಕ್ + ಆಯುಧದ ಮೂಲ ಅಟ್ಯಾಕ್) × (1 + ಅಟ್ಯಾಕ್ ಶೇಕಡಾ ಎಲ್ಲ ಸೇರಿ) + ನೇರ ಅಟ್ಯಾಕ್. ಶೇಕಡಾ ಬೋನಸ್ ಗುಣಿಸುವುದು ಮೂಲವನ್ನು ಮಾತ್ರ, ಫೆದರ್ ಎಂಬ ಇನ್ನೊಂದು ಬಗೆಯ ಆರ್ಟಿಫ್ಯಾಕ್ಟ್ ಕೊಡುವ 311ನ್ನು ಅದು ಮುಟ್ಟುವುದಿಲ್ಲ. ಪಾತ್ರದ ವಿವರ ಪುಟದಲ್ಲಿ ಬಿಳಿ ಅಂಕಿ ಮೂಲ, ಹಸಿರು ಅಂಕಿ ಸೇರ್ಪಡೆ. ನಿಮ್ಮ ಲೆಕ್ಕಕ್ಕೆ ಬೇಕಾದದ್ದು ಆ ಬಿಳಿ ಅಂಕಿ.

ಬಿಳಿ ಅಂಕಿ 800 ಎನ್ನೋಣ. ಸ್ಯಾಂಡ್ಸ್‌ನಿಂದ (ಅದೂ ಒಂದು ಆರ್ಟಿಫ್ಯಾಕ್ಟ್) ಶೇ. 46.6, ಆರ್ಟಿಫ್ಯಾಕ್ಟ್‌ಗಳ ಸಣ್ಣ ಉಪ-ಬೋನಸ್‌ಗಳಾದ ಸಬ್‌ಸ್ಟಾಟ್‌ಗಳಿಂದ ಶೇ. 20, ಫೆದರ್‌ನಿಂದ 311. ಈಗ ಅಟ್ಯಾಕ್ 800 × 1.666 + 311 = 1644. ಅಟ್ಯಾಕ್ ಗಾಬ್ಲೆಟ್ ಹಾಕಿದರೆ 2017. ಲಾಭ ಶೇ. 22.7. ಡ್ಯಾಮೇಜ್ ಬೋನಸ್ ಬೇರೆ ಬಕೆಟ್. ಅದು ಖಾಲಿಯಿದ್ದರೆ ಪೈರೋ ಗಾಬ್ಲೆಟ್‌ನ ಲಾಭ ಪೂರಾ ಶೇ. 46.6. ಪಾತ್ರದ ಪ್ಯಾಸಿವ್, ಆರ್ಟಿಫ್ಯಾಕ್ಟ್ ಸೆಟ್, ಜೊತೆಗಾರರು ಸೇರಿ ಆಗಲೇ ಶೇ. 60 ಡ್ಯಾಮೇಜ್ ಬೋನಸ್ ತಂದಿದ್ದರೆ 0.466 ÷ 1.6, ಅಂದರೆ ಶೇ. 29.1. ಈ ಪಾತ್ರಕ್ಕೆ ಎರಡೂ ಸಮವಾಗಬೇಕಾದರೆ ಡ್ಯಾಮೇಜ್ ಬೋನಸ್ ಬಕೆಟ್‌ನಲ್ಲಿ ಆಗಲೇ ಸುಮಾರು ಶೇ. 105 ಇರಬೇಕು. ಅದಕ್ಕಿಂತ ಕಡಿಮೆಯಿದ್ದರೆ ಪೈರೋ ಗಾಬ್ಲೆಟ್, ಹೆಚ್ಚಿದ್ದರೆ ಅಟ್ಯಾಕ್.

ತಂಡಕ್ಕೆ ಬೆನೆಟ್ ಎಂಬ ಪಾತ್ರ ಬಂದರೆ ತಕ್ಕಡಿ ಇನ್ನಷ್ಟು ಪೈರೋ ಗಾಬ್ಲೆಟ್ ಕಡೆ ವಾಲುತ್ತದೆ. ಅವನ ಬರ್ಸ್ಟ್ (ವಿಶೇಷ ಶಕ್ತಿ) ಅವನ ಮೂಲ ಅಟ್ಯಾಕ್‌ನ ಒಂದು ಪಾಲನ್ನು ನಿಮ್ಮ ಪಾತ್ರಕ್ಕೆ ನೇರ ಅಟ್ಯಾಕ್ ಆಗಿ ಕೊಡುತ್ತದೆ. ಅದು 900 ಎಂದಿಟ್ಟುಕೊಂಡರೆ ಅಟ್ಯಾಕ್ 2544ರಿಂದ 2917 ಆಗುತ್ತದೆ, ಅಟ್ಯಾಕ್ ಗಾಬ್ಲೆಟ್‌ನ ಲಾಭ ಶೇ. 14.7ಕ್ಕೆ ಕುಸಿಯುತ್ತದೆ. ಬೆನೆಟ್ ಜೊತೆಗಿದ್ದಾಗ ಅಟ್ಯಾಕ್ ಶೇಕಡಾಕ್ಕೆ ಬೆನ್ನು ಹತ್ತುವುದು ದಂಡ.

ಸ್ಯಾಂಡ್ಸ್ ಆರಿಸುವಾಗಲೂ ಇದೇ ವಿಚಾರ. ಮೇಲಿನ ಪಾತ್ರದಿಂದ ಸ್ಯಾಂಡ್ಸ್ ತೆಗೆದರೆ ಅಟ್ಯಾಕ್ 1271. ಅಟ್ಯಾಕ್ ಸ್ಯಾಂಡ್ಸ್‌ನ ಲಾಭ ಶೇ. 29.3, ಬೆನೆಟ್ ಇದ್ದರೆ ಶೇ. 17.2. ಎಲಿಮೆಂಟಲ್ ಮಾಸ್ಟರಿ (ರಿಯಾಕ್ಷನ್‌ಗಳ ಬಲ ಹೆಚ್ಚಿಸುವ ಅಂಕಿ) ಸ್ಯಾಂಡ್ಸ್ 187 ಕೊಡುತ್ತದೆ. ಬೆಂಕಿಗೆ ನೀರು ಸೇರಿದಾಗ ಆಗುವ ವೇಪರೈಸ್, ಹಿಮ ಸೇರಿದಾಗ ಆಗುವ ಮೆಲ್ಟ್ ಎಂಬ ರಿಯಾಕ್ಷನ್‌ಗಳಿಗೆ ಅದರ ಸೂತ್ರ 2.78 × ಮಾಸ್ಟರಿ ÷ (ಮಾಸ್ಟರಿ + 1400), ಅಂದರೆ ಶೇ. 32.8. ಆದರೆ ಈ ಶೇ. 32.8 ಸಿಗುವುದು ರಿಯಾಕ್ಷನ್ ಆದ ಹೊಡೆತಗಳಿಗೆ ಮಾತ್ರ. ಮೂರು ಹೊಡೆತದಲ್ಲಿ ಒಂದೇ ವೇಪರೈಸ್ ಆಗುವ ಪಾತ್ರಕ್ಕೆ ಅಟ್ಯಾಕ್ ಸ್ಯಾಂಡ್ಸೇ ಸರಿ. ಪ್ರತಿ ದೊಡ್ಡ ಹೊಡೆತವೂ ವೇಪರೈಸ್ ಆಗುತ್ತಿದ್ದು, ಬೆನೆಟ್ ಕೂಡ ಇದ್ದರೆ ಮಾಸ್ಟರಿ.

ಸಬ್‌ಸ್ಟಾಟ್‌ನಲ್ಲಿ ನೇರ ಅಟ್ಯಾಕ್ ಬಂದರೆ ಕಣ್ಣುಮುಚ್ಚಿ ಕೆಳಗಿನ ದರ್ಜೆಗೆ ಹಾಕಿ. ಅದರ ಗರಿಷ್ಠ ರೋಲ್ (ಒಂದು ಸಲಕ್ಕೆ ಸಿಗುವ ಅಂಕಿ) 19, ಶೇಕಡಾ ಅಟ್ಯಾಕ್‌ನ ಗರಿಷ್ಠ ರೋಲ್ ಶೇ. 5.8. ಮೂಲ 800 ಇದ್ದಾಗ ಆ ಶೇ. 5.8 ಎಂದರೆ 46.

ಕ್ರಿಟ್ ರೇಟೋ, ಕ್ರಿಟ್ ಡ್ಯಾಮೇಜೋ

ರೇಟ್ ಎಂದರೆ ಕ್ರಿಟಿಕಲ್ ಹೊಡೆತದ ಸಾಧ್ಯತೆ, ಡ್ಯಾಮೇಜ್ ಎಂದರೆ ಆ ಹೊಡೆತದ ಹೆಚ್ಚುವರಿ ಬಲ. ಸರಾಸರಿ ಗುಣಕ 1 + ರೇಟ್ × ಡ್ಯಾಮೇಜ್. ಸರ್ಕ್ಲೆಟ್ ಎಂಬ ಆರ್ಟಿಫ್ಯಾಕ್ಟ್‌ನಲ್ಲಿ ಸಿಗುವುದು ರೇಟ್ ಶೇ. 31.1 ಅಥವಾ ಡ್ಯಾಮೇಜ್ ಶೇ. 62.2, ಸರಿಯಾಗಿ ಒಂದಕ್ಕೆರಡು. ಹಾಗಾಗಿ ನಿಯಮ ಸುಲಭ: ಸರ್ಕ್ಲೆಟ್ ತೆಗೆದಿಟ್ಟು ನೋಡಿ. ಕ್ರಿಟ್ ಡ್ಯಾಮೇಜ್ ನಿಮ್ಮ ರೇಟ್‌ನ ಎರಡು ಪಟ್ಟಿಗಿಂತ ಹೆಚ್ಚಿದ್ದರೆ ರೇಟ್ ಸರ್ಕ್ಲೆಟ್, ಕಡಿಮೆಯಿದ್ದರೆ ಡ್ಯಾಮೇಜ್ ಸರ್ಕ್ಲೆಟ್. ರೇಟ್ 40, ಡ್ಯಾಮೇಜ್ 100 ಇದ್ದಾಗ ರೇಟ್ ಹಾಕಿದರೆ ಗುಣಕ 1.71, ಡ್ಯಾಮೇಜ್ ಹಾಕಿದರೆ 1.65. ರೇಟ್ 60, ಡ್ಯಾಮೇಜ್ 90 ಇದ್ದಾಗ ರೇಟ್‌ನಿಂದ 1.82, ಡ್ಯಾಮೇಜ್‌ನಿಂದ 1.91.

ಇಲ್ಲಿ ಹಾಳಾಗುವುದು ಎಲ್ಲಿ ಎಂದರೆ ನೂರರ ಗಡಿಯಲ್ಲಿ. ರೇಟ್ ಆಗಲೇ 80 ಇದ್ದರೆ ರೇಟ್ ಸರ್ಕ್ಲೆಟ್‌ನ 11 ಸುಮ್ಮನೆ ಚೆಲ್ಲಿಹೋಗುತ್ತದೆ. ಆಯುಧ ಅಥವಾ ಆರ್ಟಿಫ್ಯಾಕ್ಟ್ ಸೆಟ್ ಹೋರಾಟದ ನಡುವೆ ಕೊಡುವ ಕ್ರಿಟ್ ರೇಟ್ ವಿವರ ಪುಟದಲ್ಲಿ ಕಾಣುವುದಿಲ್ಲ, ಅದನ್ನು ಮರೆತು ಶೇ. 100 ದಾಟಿಸುವವರೇ ಹೆಚ್ಚು.

ಶತ್ರುವನ್ನು ದುರ್ಬಲ ಮಾಡುವುದು: ಒಂದು ಕರಗುತ್ತದೆ, ಒಂದು ಬೆಳೆಯುತ್ತದೆ

ಗೆನ್‌ಶಿನ್‌ನ ಸಾಮಾನ್ಯ ಶತ್ರುವಿಗೆ ರೆಸಿಸ್ಟೆನ್ಸ್ (ಹೊಡೆತದಲ್ಲಿ ತಡೆಯುವ ಪಾಲು) ಶೇ. 10. ಅದನ್ನು ಸೊನ್ನೆಗಿಂತ ಕೆಳಗಿಳಿಸಿದರೆ ಇಳಿಸಿದ್ದರ ಅರ್ಧ ಮಾತ್ರ ಲಾಭವಾಗಿ ಸಿಗುತ್ತದೆ. ವಿರಿಡೆಸೆಂಟ್ ವೆನೆರರ್ ಸೆಟ್ ಶೇ. 40 ತಗ್ಗಿಸಿದಾಗ −30 ಆಗಿ, ಗುಣಕ 0.9ರಿಂದ 1.15ಕ್ಕೆ ಏರುತ್ತದೆ, ಶೇ. 27.8 ಲಾಭ. ಅದರ ಮೇಲೆ ಝೋಂಗ್ಲಿ ಎಂಬ ಪಾತ್ರದ ಕವಚದ ಶೇ. 20 ಬಂದರೆ 1.25; ಹೆಚ್ಚುವರಿ ಲಾಭ ಶೇ. 8.7 ಅಷ್ಟೇ. ವಿರಿಡೆಸೆಂಟ್ ಇಲ್ಲದ ತಂಡದಲ್ಲಿ ಅದೇ ಝೋಂಗ್ಲಿ ಶೇ. 16.7 ಕೊಡುತ್ತಾನೆ. ಹೊಡೆತದ ಲಾಭಕ್ಕೆಂದೇ ಇಬ್ಬರನ್ನೂ ಒಟ್ಟಿಗೆ ತರುವುದರಲ್ಲಿ ಅರ್ಥವಿಲ್ಲ. ಕವಚಕ್ಕಾಗಿ ತಂದರೆ ಮಾತು ಬೇರೆ.

ಡಿಫೆನ್ಸ್ ಇದಕ್ಕೆ ತದ್ವಿರುದ್ಧ. ಪಾತ್ರವೂ ಶತ್ರುವೂ 90ನೇ ಲೆವೆಲ್ ಆದರೆ ಗುಣಕ 190 ÷ (190 + 190) = 0.5. ಡಿಫೆನ್ಸ್ ಶೇ. 30 ತಗ್ಗಿಸಿದರೆ 190 ÷ (190 + 133) = 0.588, ಲಾಭ ಶೇ. 17.6. ಇನ್ನೊಂದು ಶೇ. 30 ಸೇರಿಸಿ ಒಟ್ಟು 60 ಮಾಡಿದರೆ 0.714. ಈ ಎರಡನೇ ಮೂವತ್ತರ ಲಾಭ ಶೇ. 21.4, ಮೊದಲನೆಯದಕ್ಕಿಂತ ಹೆಚ್ಚು. ರೆಸಿಸ್ಟೆನ್ಸ್ ತಗ್ಗಿಸುವವರು ಒಬ್ಬರಿದ್ದರೆ ಸಾಕು. ಡಿಫೆನ್ಸ್ ತಗ್ಗಿಸುವವರನ್ನು ಜೋಡಿಸಿದಷ್ಟೂ ಒಳ್ಳೆಯದು. ಒಂದು ಎಚ್ಚರಿಕೆ: ‘ಡಿಫೆನ್ಸ್ ತಗ್ಗಿಸು’ ಮತ್ತು ‘ಡಿಫೆನ್ಸ್ ಲೆಕ್ಕಿಸಬೇಡ’ ಎಂಬ ಎರಡು ಬಗೆ ತಮ್ಮೊಳಗೆ ಕೂಡುವುದಿಲ್ಲ, ಗುಣಿಸುತ್ತವೆ.

ರಕ್ಷಣೆ: ಆರ್ಮರ್ ಕೊಳ್ಳಬೇಕೋ, ಹೆಲ್ತ್ ಕೊಳ್ಳಬೇಕೋ

ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಆರ್ಮರ್ ತಡೆಯುವ ಪಾಲು ಆರ್ಮರ್ ÷ (100 + ಆರ್ಮರ್). 100ಕ್ಕೆ ಶೇ. 50, 200ಕ್ಕೆ ಶೇ. 66.7, 300ಕ್ಕೆ ಶೇ. 75. ಇದನ್ನು ನೋಡಿ ‘ಮೇಲೆ ಹೋದಂತೆ ಆರ್ಮರ್ ದಂಡ’ ಎನ್ನುವವರಿದ್ದಾರೆ. ಅದು ತಪ್ಪು. ಶೇಕಡಾ ಬಿಡಿ, ನಿಮ್ಮನ್ನು ಕೊಲ್ಲಲು ಎದುರಾಳಿ ಒಟ್ಟು ಎಷ್ಟು ಹೊಡೆಯಬೇಕು ಎಂದು ಎಣಿಸಿ: ಹೆಲ್ತ್ × (1 + ಆರ್ಮರ್ ÷ 100). ಪ್ರತಿ ಒಂದು ಆರ್ಮರ್ ಇದಕ್ಕೆ ನಿಮ್ಮ ಹೆಲ್ತ್‌ನ ಶೇ. 1 ಸೇರಿಸುತ್ತದೆ, ಮೊದಲನೆಯದೂ ಅಷ್ಟೇ, ಮುನ್ನೂರನೆಯದೂ ಅಷ್ಟೇ.

ಹೆಲ್ತ್ 2000, ಆರ್ಮರ್ 100 ಇದ್ದಾಗ ಒಟ್ಟು 4000. ಮುಂದೆ 50 ಆರ್ಮರ್ ಕೊಂಡರೆ 5000, 400 ಹೆಲ್ತ್ ಕೊಂಡರೆ 4800. ಆರ್ಮರ್ ಗೆಲ್ಲುತ್ತದೆ. ಆರ್ಮರ್ 200 ಇದ್ದಾಗ ಅದೇ ಎರಡು ಆಯ್ಕೆಗಳು 7000 ಮತ್ತು 7200 ಕೊಡುತ್ತವೆ. ಈಗ ಹೆಲ್ತ್. ಒಂದನ್ನೇ ಪೇರಿಸುತ್ತ ಹೋದವರಿಗೆ ಇನ್ನೊಂದು ಅಗ್ಗವಾಗುತ್ತ ಬರುತ್ತದೆ. ಎದುರು ತಂಡದಲ್ಲಿ ಮ್ಯಾಜಿಕ್ ಹೊಡೆತವೂ ಇದ್ದರೆ ಹೆಲ್ತ್ ಎರಡಕ್ಕೂ ಕೆಲಸ ಮಾಡುತ್ತದೆ ಎಂಬುದನ್ನೂ ತೂಕಕ್ಕೆ ಹಾಕಿ.

ಆರ್ಮರ್ ಭೇದಿಸುವ ಕಡೆಗೆ ಬಂದರೆ ಕ್ರಮ ಮುಖ್ಯ. ಮೊದಲು ಶೇಕಡಾ ಭೇದನೆ, ಆಮೇಲೆ ಲೆಥಾಲಿಟಿಯ ನೇರ ಅಂಕಿ. 100 ಆರ್ಮರ್‌ನ ಮೇಲೆ ಶೇ. 40 ಮತ್ತು 18 ಲೆಥಾಲಿಟಿ ಬಿದ್ದರೆ 60, ನಂತರ 42. ಈ ಕ್ರಮ ಹೊಡೆಯುವವನ ಪರ. ಒಂದನ್ನೇ ಕೊಳ್ಳುವುದಾದರೆ ಎದುರಾಳಿಯನ್ನು ನೋಡಿ. 40 ಆರ್ಮರ್‌ನ ಮೆತ್ತನೆಯ ಪಾತ್ರದ ಮೇಲೆ 18 ಲೆಥಾಲಿಟಿ ಶೇ. 14.8 ಹೆಚ್ಚಿಸುತ್ತದೆ, ಶೇ. 40 ಭೇದನೆ ಶೇ. 12.9. 200 ಆರ್ಮರ್‌ನ ಟ್ಯಾಂಕ್ ಮೇಲೆ ಲೆಥಾಲಿಟಿ ಶೇ. 6.4ಕ್ಕೆ ಇಳಿಯುತ್ತದೆ, ಶೇಕಡಾ ಭೇದನೆ ಶೇ. 36.4ಕ್ಕೆ ಹಾರುತ್ತದೆ.

ಇದೇ ಆಟ 2020ರ ನವೆಂಬರ್‌ನಲ್ಲಿ ಕೂಲ್‌ಡೌನ್ (ಮಂತ್ರವನ್ನು ಮತ್ತೆ ಹಾಕಲು ಕಾಯಬೇಕಾದ ಸಮಯ) ಕಡಿತವನ್ನು ತೆಗೆದು ಎಬಿಲಿಟಿ ಹೇಸ್ಟ್ ತಂದದ್ದಕ್ಕೂ ಈ ಗಣಿತವೇ ಕಾರಣ. ಹಳೆಯ ಪದ್ಧತಿಯಲ್ಲಿ ಮೊದಲ ಶೇ. 10 ಕಡಿತ ಮಂತ್ರಗಳ ಸಂಖ್ಯೆಯನ್ನು ಶೇ. 11 ಏರಿಸುತ್ತಿತ್ತು, 30ರಿಂದ 40ಕ್ಕೆ ಹೋಗುವ ಕೊನೆಯ ಶೇ. 10 ಅದನ್ನು ಶೇ. 16.7 ಏರಿಸುತ್ತಿತ್ತು. ಹಾಗಾಗಿ 40ಕ್ಕೆ ಬೇಲಿ ಹಾಕಬೇಕಾಗಿತ್ತು. ಹೇಸ್ಟ್‌ನಲ್ಲಿ ಪ್ರತಿ ಅಂಕಿಗೂ ಮೂಲ ವೇಗದ ಶೇ. 1.

ಡೋಟಾ 2ರಲ್ಲಿ ಮ್ಯಾಜಿಕ್ ರೆಸಿಸ್ಟೆನ್ಸ್ ಉಳಿದದ್ದರ ಮೇಲೆ ಕೆಲಸ ಮಾಡುತ್ತದೆ. ಮೂಲ ಶೇ. 25 ಇರುವ ಹೀರೋಗೆ ಶೇ. 30ರ ವಸ್ತು ಕೊಟ್ಟರೆ 0.75 × 0.70 = 0.525, ಅಂದರೆ ಶೇ. 47.5, 55 ಅಲ್ಲ. ಮೋಸ ಎನಿಸಬಹುದು, ಆದರೆ ವಸ್ತು ತನ್ನ ಮಾತು ಉಳಿಸಿಕೊಂಡಿದೆ: ಬೀಳುತ್ತಿದ್ದ ಹೊಡೆತದಲ್ಲಿ ಶೇ. 30 ತಪ್ಪಿಸಿದೆ. ಸ್ಕೈರಿಮ್‌ನಲ್ಲೂ ಇದೇ ರೀತಿ. ಬೆಂಕಿಯ ರೆಸಿಸ್ಟೆನ್ಸ್ ಮತ್ತು ಮ್ಯಾಜಿಕ್ ರೆಸಿಸ್ಟೆನ್ಸ್ ಎರಡಕ್ಕೂ ಶೇ. 85ರ ಮಿತಿ ಇದೆ, ಆದರೆ ಒಂದರ ನಂತರ ಒಂದು ಅನ್ವಯಿಸುವುದರಿಂದ ಎರಡನ್ನೂ ತುಂಬಿದವರಿಗೆ ತಟ್ಟುವುದು ಶೇ. 2.25 ಮಾತ್ರ. ಒಂದು 85ಕ್ಕೆ ತಲುಪಿದೊಡನೆ ಇನ್ನೊಂದಕ್ಕೆ ಬದಲಿಸುವುದೇ ಜಾಣತನ.

ಕೂಡುತ್ತ ಮಿತಿಯವರೆಗೆ ಹೋಗುವ ರೆಸಿಸ್ಟೆನ್ಸ್ ಇದ್ದಲ್ಲಿ ಕೊನೆಯ ಅಂಕಿಗಳೇ ಚಿನ್ನ. ಪಾತ್ ಆಫ್ ಎಕ್ಸೈಲ್‌ನಲ್ಲಿ ಸಾಮಾನ್ಯ ಮಿತಿ 75. ಗರಿಷ್ಠ ಮಿತಿಯನ್ನೇ 80ಕ್ಕೆ ಏರಿಸಿದರೆ ತಟ್ಟುವ ಪಾಲು 25ರಿಂದ 20ಕ್ಕೆ, ಅಂದರೆ ಐದರಲ್ಲಿ ಒಂದು ಪಾಲು ಇಳಿಯುತ್ತದೆ.

ಸೇರದೇ ಇರುವ ಬೋನಸ್‌ಗಳು

ಪಾತ್‌ಫೈಂಡರ್: ಕಿಂಗ್‌ಮೇಕರ್‌ನಂಥ ಆಟದಲ್ಲಿ ಪ್ರತಿ ಬೋನಸ್‌ಗೂ ಒಂದು ಜಾತಿ ಇರುತ್ತದೆ. ಒಂದೇ ಜಾತಿಯ ಎರಡು ಬಂದರೆ ದೊಡ್ಡದು ಮಾತ್ರ ಲೆಕ್ಕಕ್ಕೆ. ಶಕ್ತಿಗೆ +4 ಎನ್‌ಹ್ಯಾನ್ಸ್‌ಮೆಂಟ್ ಕೊಡುವ ಬೆಲ್ಟ್ ಕಟ್ಟಿದವನ ಮೇಲೆ ಬುಲ್ಸ್ ಸ್ಟ್ರೆಂತ್ ಮಂತ್ರ ಹಾಕಿದರೆ ಮಂತ್ರ ನೀರುಪಾಲು, ಏಕೆಂದರೆ ಅದೂ +4 ಎನ್‌ಹ್ಯಾನ್ಸ್‌ಮೆಂಟೇ. ಡಾಜ್ ಜಾತಿಯದು ಅಪವಾದ, ಅವು ಕೂಡುತ್ತವೆ. ಇಲ್ಲಿ ಅಂಕಿಗಿಂತ ಜಾತಿ ನೋಡಿ ಆರಿಸಬೇಕು: ನಿಮ್ಮಲ್ಲಿಲ್ಲದ ಜಾತಿಯ +1, ಆಗಲೇ +4 ಇರುವ ಜಾತಿಯ +3ಕ್ಕಿಂತ ಮೇಲು.

ಬಾಲ್ಡರ್ಸ್ ಗೇಟ್ 3ರಲ್ಲಿ ಅಡ್ವಾಂಟೇಜ್ (20 ಮುಖದ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡದನ್ನು ಹಿಡಿಯುವುದು) ಎರಡು ಮೂಲಗಳಿಂದ ಬಂದರೂ ಒಂದೇ, ಒಂದು ಡಿಸ್ಅಡ್ವಾಂಟೇಜ್ ಬಂದರೆ ಅದೂ ರದ್ದು. ದಾಳದಲ್ಲಿ 11 ಬೀಳಬೇಕಾದಾಗ ಅಡ್ವಾಂಟೇಜ್ ಶೇ. 50ನ್ನು 75 ಮಾಡುತ್ತದೆ, ಅದು +5ಕ್ಕೆ ಸಮ. 20 ಬೀಳಲೇಬೇಕಾದಾಗ ಶೇ. 5ರಿಂದ 9.75, ಅಂದರೆ +1ಕ್ಕೂ ಕಡಿಮೆ. ಕಷ್ಟದ ಗುರಿಗೆ ನೇರ ಸಂಖ್ಯೆ, ನಡುಮಟ್ಟದ ಗುರಿಗೆ ಅಡ್ವಾಂಟೇಜ್.

ಮೆಟ್ಟಿಲಿನಂತೆ ಏರುವ ಅಂಕಿಗಳದ್ದು ಇನ್ನೊಂದು ತೊಡಕು. ಡಯಾಬ್ಲೊ 2ರ ಮಾಂತ್ರಿಕೆ ಸಾರ್ಸರೆಸ್‌ಗೆ ಹೆಚ್ಚಿನ ಮಂತ್ರಗಳಲ್ಲಿ ಫಾಸ್ಟರ್ ಕಾಸ್ಟ್ ರೇಟ್‌ನ (ಮಂತ್ರ ಹಾಕುವ ವೇಗ) ಮೆಟ್ಟಿಲುಗಳು 9, 20, 37, 63, 105, 200. 63 ಇದ್ದವಳೂ 104 ಇದ್ದವಳೂ ಮಂತ್ರ ಹಾಕುವುದು ಒಂದೇ ವೇಗದಲ್ಲಿ. 95 ಇರುವವಳಿಗೆ 10 ಕೊಡುವ ಉಂಗುರ ಅಮೂಲ್ಯ. 70 ಇರುವವಳು ಆ ಜಾಗದಲ್ಲಿ ರೆಸಿಸ್ಟೆನ್ಸ್ ಹಾಕಿಕೊಳ್ಳಲಿ.

ಬಕೆಟ್ ಯಾವುದೆಂದು ಪರೀಕ್ಷಿಸುವುದು

ವಿವರಣೆ ಅಸ್ಪಷ್ಟವಾಗಿದ್ದರೆ ನಾಲ್ಕು ಹೊಡೆತ ಸಾಕು. ಬೋನಸ್ ಇಲ್ಲದೆ ಒಂದು, ಮೊದಲ ಬೋನಸ್ ಮಾತ್ರ ಇಟ್ಟು ಒಂದು, ಎರಡನೆಯದು ಮಾತ್ರ ಇಟ್ಟು ಒಂದು, ಎರಡೂ ಇಟ್ಟು ಒಂದು. 1000, 1200, 1300 ಬಂದ ಮೇಲೆ ಕೊನೆಯದು 1500 ಆದರೆ ಒಂದೇ ಬಕೆಟ್, 1560 ಆದರೆ ಬೇರೆ ಬೇರೆ. ಲೀಗ್‌ನ ಪ್ರಾಕ್ಟೀಸ್ ಟೂಲ್‌ನಲ್ಲಿ ಇದಕ್ಕೆಂದೇ ಗೊಂಬೆಗಳಿವೆ, ಡೋಟಾ 2ರಲ್ಲಿ ಹೀರೋ ಡೆಮೊ ಇದೆ. ಗೆನ್‌ಶಿನ್‌ನಲ್ಲಾದರೆ ಒಂದೇ ಜಾತಿಯ, ಒಂದೇ ಲೆವೆಲ್‌ನ ಶತ್ರುವನ್ನು ಹಿಡಿದು, ಕ್ರಿಟ್ ಆದ ಅಂಕಿಗಳನ್ನು ಬದಿಗಿಟ್ಟು ಎಣಿಸಿ.

ಪರೀಕ್ಷೆ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಆಯುಧದ ಹೊಡೆತ ಒಂದು ವ್ಯಾಪ್ತಿಯೊಳಗೆ ಏರಿಳಿಯುವ ಆಟಗಳಲ್ಲಿ 1500 ಮತ್ತು 1560ರ ನಡುವಿನ ಶೇ. 4 ವ್ಯತ್ಯಾಸ ಆ ಏರಿಳಿತದಲ್ಲೇ ಮುಳುಗಿಹೋಗುತ್ತದೆ. ಆಗ ಇನ್ನೂ ದೊಡ್ಡ ಬೋನಸ್‌ಗಳನ್ನು ಹಿಡಿದು, ಇಪ್ಪತ್ತು ಮೂವತ್ತು ಹೊಡೆತದ ಸರಾಸರಿ ತೆಗೆಯಬೇಕು. ಎರಡನೆಯದು, ಕಳಚಲು ಮರೆತ ಮೂರನೇ ಬೋನಸ್. ಅದು ಅದೇ ಬಕೆಟ್‌ನಲ್ಲಿದ್ದರೆ ಎಲ್ಲ ಅನುಪಾತಗಳೂ ಕುಗ್ಗಿ ತಪ್ಪು ದಾರಿ ತೋರಿಸುತ್ತವೆ. ಬರೆದಿಟ್ಟ ಫಲಿತಾಂಶದ ಪಕ್ಕದಲ್ಲಿ ಆಟದ ಆವೃತ್ತಿಯನ್ನೂ ಬರೆಯಿರಿ. 2023ರ ಅಕ್ಟೋಬರ್‌ನ ಎರಡನೇ ಸೀಸನ್‌ನಲ್ಲಿ ಡಯಾಬ್ಲೊ 4 ಉಡುಗೆ-ಆಯುಧಗಳಿಂದ ಬರುವ ಕ್ರಿಟ್ ಮತ್ತು ವಲ್ನರಬಲ್ (ದುರ್ಬಲಗೊಂಡ ಶತ್ರುವಿನ ಮೇಲಿನ) ಡ್ಯಾಮೇಜನ್ನು ಗುಣಿಸುವ ಬಕೆಟ್‌ನಿಂದ ತೆಗೆದು ಕೂಡುವ ಬಕೆಟ್‌ಗೆ ಹಾಕಿತು. ಅದಕ್ಕೂ ಹಿಂದಿನ ಬಿಲ್ಡ್ ಪಟ್ಟಿಗಳಲ್ಲಿ ವಲ್ನರಬಲ್ ಡ್ಯಾಮೇಜ್ ಮೊದಲ ಸಾಲಿನಲ್ಲಿದ್ದರೆ ಆ ಸಾಲನ್ನು ಹೊಡೆದುಹಾಕಿ.